ಕೀಲಿಕೈ ಗೊಂಚಲಿನ ಎರಡನೇ ಪ್ರತಿ

ಜನರ ಪಾಸ್‌ವರ್ಡ್‌ಗಳನ್ನು ಕಾಪಾಡುವುದನ್ನೇ ಕಸುಬು ಮಾಡಿಕೊಂಡಿದ್ದ ಲಾಸ್ಟ್‌ಪಾಸ್ ಎಂಬ ಕಂಪನಿ 2022ರ ಡಿಸೆಂಬರ್ 22ರಂದು, ಜಗತ್ತು ಕ್ರಿಸ್‌ಮಸ್ ರಜೆಗೆ ಅಣಿಯಾಗುತ್ತಿದ್ದ ಹೊತ್ತಿನಲ್ಲಿ, ಗ್ರಾಹಕರಿಗೆ ಕೆಟ್ಟ ಸುದ್ದಿಯೊಂದನ್ನು ತಿಳಿಸಿತು. ಅವರ ಪಾಸ್‌ವರ್ಡ್‌ಗಳಿದ್ದ ತಿಜೋರಿಗಳ ಪ್ರತಿ ಕಳ್ಳರ ಕೈಸೇರಿತ್ತು. ಕಳ್ಳರು ಕಂಪನಿಯ ಮುಖ್ಯ ಸರ್ವರ್‌ಗಳಿಂದ ಇದನ್ನು ಕದ್ದಿರಲಿಲ್ಲ. ಅವುಗಳಿಂದ ದೂರವಾಗಿ, ಕ್ಲೌಡ್‌ನಲ್ಲಿ ಜೋಪಾನವಾಗಿ ಇರಿಸಿದ್ದ ಬ್ಯಾಕಪ್ಪನ್ನು ಹೊತ್ತೊಯ್ದಿದ್ದರು.

ಆ ಬ್ಯಾಕಪ್‌ನ ಕೀಲಿ ಇದ್ದದ್ದು ನಾಲ್ವರು ಎಂಜಿನಿಯರುಗಳ ಕೈಯಲ್ಲಿ ಮಾತ್ರ. ಅವರಲ್ಲೊಬ್ಬರ ಮನೆಯ ಕಂಪ್ಯೂಟರಿನಲ್ಲಿ ಮೀಡಿಯಾ ತಂತ್ರಾಂಶವೊಂದಿತ್ತು. ಅದರಲ್ಲಿದ್ದ ಲೋಪದ ಮೂಲಕ ಒಳಹೊಕ್ಕ ಕಳ್ಳರು, ಒತ್ತಿದ ಅಕ್ಷರಗಳನ್ನೆಲ್ಲ ಗುಟ್ಟಾಗಿ ಬರೆದುಕೊಳ್ಳುವ ಕೀಲಾಗರ್ ಕೂರಿಸಿ ಆ ಎಂಜಿನಿಯರ್‌ನ ತಿಜೋರಿ ತೆರೆಯುವ ಮಾಸ್ಟರ್ ಪಾಸ್‌ವರ್ಡನ್ನೇ ಹಿಡಿದರು. ಕದ್ದ ಪ್ರತಿಯಲ್ಲಿ ಗ್ರಾಹಕರ ಪಾಸ್‌ವರ್ಡ್‌ಗಳೇನೋ ಎನ್‌ಕ್ರಿಪ್ಟ್ ಆಗಿದ್ದವು. ಆದರೆ ಯಾರಿಗೆ ಯಾವ ಜಾಲತಾಣದಲ್ಲಿ ಖಾತೆಯಿದೆ ಎಂಬ ವಿಳಾಸಗಳು ಬಟಾಬಯಲಾಗಿದ್ದವು. ಯಾರ ತಿಜೋರಿಯನ್ನು ಮೊದಲು ಒಡೆದರೆ ಲಾಭ ಎಂದು ಕಳ್ಳರು ಕೂತು ಲೆಕ್ಕ ಹಾಕಲು ಅಷ್ಟು ಸಾಕಿತ್ತು.

ಇದಾದ ಮೇಲೆ ಅನೇಕರು, ಕ್ಲೌಡ್‌ನ ಸಹವಾಸವೇ ಬೇಡ, ನನ್ನ ಪಾಸ್‌ವರ್ಡ್‌ಗಳ ಪ್ರತಿ ನನ್ನ ಪೆನ್ ಡ್ರೈವಿನಲ್ಲೇ ಇರಲಿ ಎಂದು ನಿರ್ಧರಿಸಿದರು. ನಿರ್ಧಾರ ಅರ್ಧ ಸರಿ. ಹಾಗೆ ಮಾಡುವಾಗ ಲಾಸ್ಟ್‌ಪಾಸ್‌ನ ಸಮಸ್ಯೆಯನ್ನು ನಮ್ಮ ಬೀರುವಿಗೇ ತಂದುಕೊಂಡಿರುತ್ತೇವೆ ಎಂಬುದು ಉಳಿದರ್ಧ. ಬ್ಯಾಂಕು, ಆದಾಯ ತೆರಿಗೆ, ಇಪಿಎಫ್, ಐಆರ್‌ಸಿಟಿಸಿ, ಇಮೇಲು, ಸೇವಾ ಸಿಂಧು, ಮಗಳ ಕಾಲೇಜಿನ ಪೋರ್ಟಲ್ಲು ಎಲ್ಲದರ ಕೀಲಿಯೂ ಒಂದೇ ಕಡತದಲ್ಲಿ ಕೂತಿರುತ್ತದೆ. ಮೂಲಕ್ಕೆ ಹಾಕಿದಷ್ಟೇ ಗಟ್ಟಿ ಬೀಗವನ್ನು ಅದರ ಪ್ರತಿಗೂ ಹಾಕಬೇಕು.

ಹಾಗಾದರೆ ಪ್ರತಿಯ ಉಸಾಬರಿಯೇ ಏಕೆ? ಪಾಸ್‌ವರ್ಡ್ ಮ್ಯಾನೇಜರ್ ಹೇಗೂ ಫೋನಿನಲ್ಲೂ ಇದೆ, ಲ್ಯಾಪ್‌ಟಾಪಿನಲ್ಲೂ ಇದೆ, ಕಂಪನಿಯ ಸರ್ವರ್‌ನಲ್ಲೂ ಇದೆಯಲ್ಲ ಎನ್ನಬಹುದು. ಅದಕ್ಕೆ ಸಿಂಕ್ ಎನ್ನುತ್ತಾರೆ, ಬ್ಯಾಕಪ್ ಅಲ್ಲ. ಫೋನಿನಲ್ಲಿ ತಪ್ಪಿ ಅಳಿಸಿದ್ದು ಕ್ಷಣಾರ್ಧದಲ್ಲಿ ಲ್ಯಾಪ್‌ಟಾಪಿನಿಂದಲೂ ಮಾಯವಾಗುತ್ತದೆ. ಸೇವೆಯೇ ಕೈಕೊಟ್ಟರಂತೂ ಎಲ್ಲ ಕಡೆಯೂ ಒಟ್ಟಿಗೆ ಕತ್ತಲೆ. 2024ರ ಜುಲೈ ಕೊನೆಯಲ್ಲಿ ಗೂಗಲ್ ಕ್ರೋಮ್‌ನ ಹೊಸ ಆವೃತ್ತಿಯೊಂದರ ಎಡವಟ್ಟಿನಿಂದ ವಿಂಡೋಸ್ ಬಳಕೆದಾರರಲ್ಲಿ ಹಲವರಿಗೆ ಉಳಿಸಿಟ್ಟ ಪಾಸ್‌ವರ್ಡ್‌ಗಳು ಸುಮಾರು 18 ಗಂಟೆ ಕಾಣಲೇ ಇಲ್ಲ. ಮೈಕ್ರೊಸಾಫ್ಟ್ 2025ರಲ್ಲಿ ತನ್ನ ಆಥೆಂಟಿಕೇಟರ್ ಆ್ಯಪಿನಿಂದ ಪಾಸ್‌ವರ್ಡ್ ಸೌಲಭ್ಯವನ್ನೇ ತೆಗೆದುಹಾಕಿತು. ಆಗಸ್ಟ್‌ನಿಂದಾಚೆ ಅಲ್ಲಿ ಹಳೆಯ ಪಾಸ್‌ವರ್ಡ್‌ಗಳು ಸಿಗುತ್ತಿರಲಿಲ್ಲ, ಎಡ್ಜ್ ಬ್ರೌಸರ್‌ಗೆ ಹೋಗಿ ಹುಡುಕಿಕೊಳ್ಳಬೇಕಿತ್ತು. ಮೊದಲನೆಯದು ಅಚಾತುರ್ಯ, ಎರಡನೆಯದು ಕಂಪನಿಯ ತೀರ್ಮಾನ. ಬ್ಯಾಂಕಿಗೆ ಲಾಗಿನ್ ಆಗಬೇಕಾದ ಹೊತ್ತಿನಲ್ಲಿ ಸಿಕ್ಕಿಬಿದ್ದವರಿಗೆ ಎರಡೂ ಒಂದೇ.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಬಹುತೇಕ ಪಾಸ್‌ವರ್ಡ್ ಮ್ಯಾನೇಜರ್‌ಗಳಲ್ಲಿ ‘ಎಕ್ಸ್‌ಪೋರ್ಟ್’ ಎಂಬ ಗುಂಡಿ ಇರುತ್ತದೆ. ಒತ್ತಿದರೆ ಕಡತವೊಂದು ಇಳಿಯುತ್ತದೆ. ಕ್ರೋಮ್‌ನಲ್ಲಾದರೆ ಅದು ಸಿಎಸ್‌ವಿ ಕಡತ. ಎಕ್ಸೆಲ್‌ನಲ್ಲಿ ತೆರೆದರೆ ಸಾಲುಸಾಲಾಗಿ ಜಾಲತಾಣ, ಬಳಕೆದಾರರ ಹೆಸರು, ಪಾಸ್‌ವರ್ಡ್ ಎಲ್ಲವೂ ಬರಿಗಣ್ಣಿಗೆ ಕಾಣುತ್ತವೆ. ಮುಚ್ಚುಮರೆ ಇಲ್ಲ, ಬೀಗವಿಲ್ಲ.

ಪಾಸ್‌ವರ್ಡ್‌ಗಳನ್ನು ಬಿಡಿಬಿಡಿಯಾಗಿ ಓದಬಹುದಾದ ಕಡತದಲ್ಲಿ ಇಡುವ ಅಪಾಯ ಕಂಪ್ಯೂಟರ್ ಪಾಸ್‌ವರ್ಡ್‌ನಷ್ಟೇ ಹಳೆಯದು. 1960ರ ದಶಕದ ಆರಂಭದಲ್ಲಿ ಅಮೆರಿಕದ ಎಂಐಟಿಯಲ್ಲಿ ಹಲವರು ಒಂದೇ ಕಂಪ್ಯೂಟರನ್ನು ಹಂಚಿಕೊಳ್ಳುವ ಸಿಟಿಎಸ್ಎಸ್ ಎಂಬ ವ್ಯವಸ್ಥೆ ಇತ್ತು. ಪಾಸ್‌ವರ್ಡ್ ಬಳಸಿದ ಮೊದಲ ಕಂಪ್ಯೂಟರ್ ವ್ಯವಸ್ಥೆಗಳಲ್ಲಿ ಅದೂ ಒಂದು. ಪ್ರತಿಯೊಬ್ಬರಿಗೂ ವಾರಕ್ಕೆ ಇಂತಿಷ್ಟೇ ಹೊತ್ತು ಎಂದು ಸಮಯ ನಿಗದಿಯಾಗಿತ್ತು. ಅದು ಸಾಲದೆ ಬಂದ ಆಲನ್ ಶೆರ್ ಎಂಬ ಪಿಎಚ್.ಡಿ. ವಿದ್ಯಾರ್ಥಿ 1962ರಲ್ಲಿ ಪಾಸ್‌ವರ್ಡ್ ಕಡತವನ್ನು ಮುದ್ರಿಸಿಕೊಡಿ ಎಂದು ಯಂತ್ರಕ್ಕೆ ಕೋರಿಕೆ ಸಲ್ಲಿಸಿದ. ಅದು ಮುದ್ರಿಸಿ ಕೊಟ್ಟೇಬಿಟ್ಟಿತು. ಆತ ಇನ್ನೊಬ್ಬರ ಹೆಸರಿನಲ್ಲಿ ಕೂತು ಕೆಲಸ ಮುಂದುವರಿಸಿದ, ಎಷ್ಟೋ ವರ್ಷಗಳ ಮೇಲೆ ಸಂಗತಿಯನ್ನು ತಾನೇ ಹೊರಗೆಡವಿದ. 1966ರಲ್ಲಿ ಅದೇ ವ್ಯವಸ್ಥೆಯಲ್ಲಿ ಎರಡು ಕಡತಗಳು ಅದಲುಬದಲಾಗಿ, ಲಾಗಿನ್ ಆದವರಿಗೆಲ್ಲ ಆ ದಿನದ ಸೂಚನೆಯ ಬದಲು ಎಲ್ಲರ ಪಾಸ್‌ವರ್ಡ್ ಪಟ್ಟಿ ತೆರೆದುಕೊಂಡಿತ್ತು.

ಅರವತ್ತು ವರ್ಷ ಕಳೆದರೂ ನಮ್ಮ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಅದೇ ಬಗೆಯ ಕಡತ ಬಿದ್ದಿರುತ್ತದೆ. ಅದು ಅಲ್ಲಿ ಇಳಿದ ಮೇಲೆ ಏನೇನಾಗುತ್ತದೆ ನೋಡಿ. ಒನ್‌ಡ್ರೈವ್ ಅಥವಾ ಗೂಗಲ್ ಡ್ರೈವ್ ಆ ಫೋಲ್ಡರನ್ನು ಸಿಂಕ್ ಮಾಡುತ್ತಿದ್ದರೆ ಕಡತ ಆಗಲೇ ಮೋಡ ಸೇರಿರುತ್ತದೆ. ಅಳಿಸಿದರೂ ರೀಸೈಕಲ್ ಬಿನ್‌ನಲ್ಲಿ ಉಳಿದಿರುತ್ತದೆ. ಕೆಲವರು ಪೆನ್ ಡ್ರೈವ್ ಕೈಗೆ ಸಿಗುವ ತನಕ ಇರಲಿ ಎಂದು ವಾಟ್ಸ್‌ಆ್ಯಪ್‌ನಲ್ಲಿ ತಮಗೆ ತಾವೇ ಕಳಿಸಿಕೊಳ್ಳುವುದೂ ಉಂಟು. ದಯವಿಟ್ಟು ಬೇಡ.

ನೇರವಾಗಿ ಪೆನ್ ಡ್ರೈವಿಗೇ ಹಾಕಿ, ಆಮೇಲೆ ಅಲ್ಲಿ ಬೀಗ ಹಾಕಿಕೊಳ್ಳುತ್ತೇನೆ ಎನ್ನುವವರಿಗೂ ಒಂದು ತೊಡಕಿದೆ. ಪೆನ್ ಡ್ರೈವು, ಎಸ್‌ಎಸ್‌ಡಿಗಳ ಒಳಗಿನ ಫ್ಲ್ಯಾಶ್ ಚಿಪ್‌ನಲ್ಲಿ ಪ್ರತಿ ಕೋಶಕ್ಕೂ ಇಷ್ಟೇ ಸಲ ಬರೆಯಬಹುದು ಎಂಬ ಮಿತಿ ಇರುತ್ತದೆ. ಯಾವ ಕೋಶವೂ ಬೇಗ ಸವೆಯದಿರಲಿ ಎಂದು ಒಳಗಿನ ಕಂಟ್ರೋಲರ್ ಬರಹವನ್ನು ಎಲ್ಲ ಕೋಶಗಳಿಗೂ ಹಂಚುತ್ತಿರುತ್ತದೆ. ಒಂದು ಕಡತದ ಮೇಲೆ ಇನ್ನೊಂದನ್ನು ಬರೆದೆವು ಎಂದು ನಾವು ಅಂದುಕೊಂಡಾಗ ಹೊಸದು ಬೇರೆ ಕೋಶಕ್ಕೆ ಹೋಗಿರುತ್ತದೆ. ಹಳೆಯದು ಕಣ್ಣಿಗೆ ಕಾಣದಂತೆ ಅಲ್ಲೇ ಕೆಲಕಾಲ ಉಳಿದಿರಬಹುದು, ಗೊತ್ತಿದ್ದವರು ಅದನ್ನು ಎತ್ತಬಲ್ಲರು. ಆದ್ದರಿಂದ ಬೀಗವಿಲ್ಲದ ಕಡತ ಪೆನ್ ಡ್ರೈವನ್ನು ಒಮ್ಮೆಯೂ ಮುಟ್ಟಬಾರದು. ಮೊದಲು ಬೀಗ, ಆಮೇಲೆ ಕಡತ.

ದಾರಿ ನೀವು ಯಾವ ಮ್ಯಾನೇಜರ್ ಬಳಸುತ್ತೀರಿ ಎಂಬುದರ ಮೇಲೆ ನಿಂತಿದೆ. ಎಲ್ಲಕ್ಕಿಂತ ನಿರಾಳ ಕೀಪಾಸ್ ಕುಟುಂಬದವರದು. ಜರ್ಮನಿಯ ಡೊಮಿನಿಕ್ ರೈಶ್ಲ್ 2003ರಲ್ಲಿ ಹೊರತಂದ ಈ ಉಚಿತ ತಂತ್ರಾಂಶದಲ್ಲಿ ತಿಜೋರಿ ಎಂದರೆ ಕೆಡಿಬಿಎಕ್ಸ್ ಎಂಬ ಒಂದೇ ಕಡತ. ಅದು ಸದಾ ಎನ್‌ಕ್ರಿಪ್ಟ್ ಆಗಿಯೇ ಇರುತ್ತದೆ. ಎಕ್ಸ್‌ಪೋರ್ಟ್ ಗೊಡವೆಯೇ ಇಲ್ಲ, ಕಡತವನ್ನು ಹಾಗೆಯೇ ಕಾಪಿ ಮಾಡಿದರೆ ಬ್ಯಾಕಪ್ ಆಯಿತು. ಇದರ ಬಂಧುವಾದ ಕೀಪಾಸ್‌ಎಕ್ಸ್‌ಸಿ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಅದೇ ಕಡತವನ್ನು ಆಂಡ್ರಾಯ್ಡ್ ಫೋನಿನಲ್ಲಿ ಕೀಪಾಸ್‌ಡಿಎಕ್ಸ್ ತೆರೆಯುತ್ತದೆ.

ಬಿಟ್‌ವಾರ್ಡನ್‌ನಲ್ಲಿ ಬೀಗ ಹಾಕಿದ ಜೇಸನ್ ಕಡತ ಪಡೆಯುವ ಅನುಕೂಲ ಇದೆ. ಆದರೆ ಅದರಲ್ಲಿ ಎರಡು ಬಗೆ, ಅವಸರದಲ್ಲಿ ಎಡವುವುದು ಇಲ್ಲೇ. ‘ಖಾತೆಗೆ ಸೀಮಿತ’ ಎಂಬುದನ್ನು ಆರಿಸಿದರೆ ಆ ಕಡತ ಅದೇ ಬಿಟ್‌ವಾರ್ಡನ್ ಖಾತೆಯಲ್ಲಿ ಮಾತ್ರ ತೆರೆಯುತ್ತದೆ. ಖಾತೆಯೇ ಕೈತಪ್ಪಿದರೆ ಕಡತ ಕಸ. ಬ್ಯಾಕಪ್ ಬೇಕಾಗುವುದೇ ಖಾತೆ ಕೈತಪ್ಪಿದಾಗ ಅಲ್ಲವೇ? ಹೀಗಾಗಿ ‘ಪಾಸ್‌ವರ್ಡ್ ರಕ್ಷಿತ’ ಎಂಬ ಎರಡನೆಯದನ್ನು ಆರಿಸಿ, ಅದಕ್ಕೊಂದು ಗಟ್ಟಿ ಪಾಸ್‌ವರ್ಡ್ ಕೊಡಬೇಕು.

ವನ್‌ಪಾಸ್‌ವರ್ಡ್‌ನಿಂದ ಹೊರಬರುವ ಕಡತಕ್ಕೆ ಬೀಗ ಇರುವುದಿಲ್ಲ. ಕ್ರೋಮ್, ಆ್ಯಪಲ್ ಸಿಎಸ್‌ವಿಗಳದ್ದೂ ಅದೇ ಕತೆ. ಇವಕ್ಕೆ ವೆರಾಕ್ರಿಪ್ಟ್ ಎಂಬ ಉಚಿತ ತಂತ್ರಾಂಶ ಒದಗುತ್ತದೆ. ಹೆಸರುವಾಸಿಯಾಗಿದ್ದ ಟ್ರೂಕ್ರಿಪ್ಟ್‌ನ ಕವಲಾಗಿ 2013ರಲ್ಲಿ ಬಂದದ್ದು ಇದು. ಮರುವರ್ಷ ಟ್ರೂಕ್ರಿಪ್ಟ್ ದಿಢೀರನೆ ಬಾಗಿಲು ಹಾಕಿದಾಗ ಅದರ ಜಾಗಕ್ಕೆ ಬಂತು. ಪೆನ್ ಡ್ರೈವಿನಲ್ಲಿ ನೂರು ಎಂಬಿಯಷ್ಟು ಜಾಗವನ್ನು ಬೀಗ ಹಾಕಿದ ಪೆಟ್ಟಿಗೆಯಾಗಿ ಮಾಡಿಕೊಳ್ಳಿ. ಪಾಸ್‌ವರ್ಡ್ ಕೊಟ್ಟು ತೆರೆದರೆ ಅದು ಕಂಪ್ಯೂಟರಿನಲ್ಲಿ ಹೊಸ ಡ್ರೈವಿನಂತೆ ಕಾಣುತ್ತದೆ. ಎಕ್ಸ್‌ಪೋರ್ಟ್ ಮಾಡುವಾಗ ಕಡತವನ್ನು ಡೌನ್‌ಲೋಡ್ಸ್‌ಗೆ ಇಳಿಸದೆ ನೇರವಾಗಿ ಈ ಡ್ರೈವಿನೊಳಕ್ಕೇ ಉಳಿಸಬೇಕು. ಆಗ ಬೀಗವಿಲ್ಲದ ಪ್ರತಿ ಎಲ್ಲೂ ಬೀಳುವುದಿಲ್ಲ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಆ ಕಡತವನ್ನು ಕೀಪಾಸ್‌ಎಕ್ಸ್‌ಸಿಗೆ ಇಂಪೋರ್ಟ್ ಮಾಡಿ ಕೆಡಿಬಿಎಕ್ಸ್ ಆಗಿ ಉಳಿಸಿ, ಮೂಲ ಕಡತವನ್ನು ಅಳಿಸಿಬಿಡುವುದು ನನಗೆ ಹೆಚ್ಚು ಮೆಚ್ಚುಗೆ. ದಿನನಿತ್ಯ ಯಾವುದನ್ನೇ ಬಳಸಿ, ಬ್ಯಾಕಪ್ ಮಾತ್ರ ಯಾವ ಕಂಪನಿಯ ಹಂಗೂ ಇಲ್ಲದೆ ತೆರೆಯುವಂತಿರಬೇಕು.

ವಿಂಡೋಸ್‌ನಲ್ಲೇ ಬಿಟ್‌ಲಾಕರ್ ಟು ಗೋ ಇದೆಯಲ್ಲ ಎಂದು ಕೆಲವರು ಕೇಳಬಹುದು. ಇದೆ, ಚೆನ್ನಾಗಿಯೂ ಇದೆ. ಆದರೆ ಡ್ರೈವಿಗೆ ಹೊಸದಾಗಿ ಬೀಗ ಹಾಕಲು ವಿಂಡೋಸ್ ಪ್ರೊ ಬೇಕು. ಮನೆಗೆ ಕೊಳ್ಳುವ ಲ್ಯಾಪ್‌ಟಾಪುಗಳಲ್ಲಿ ಸಾಮಾನ್ಯವಾಗಿ ಬರುವ ಹೋಮ್ ಆವೃತ್ತಿ, ಬೀಗ ಹಾಕಿದ ಡ್ರೈವನ್ನು ತೆರೆಯಬಲ್ಲದೇ ಹೊರತು ಹಾಕಲಾರದು. ಬಿಟ್‌ಲಾಕರ್ ಕೊಡುವ 48 ಅಂಕಿಗಳ ರಿಕವರಿ ಕೀಯನ್ನು ಎಲ್ಲಿಡುತ್ತೀರಿ ಎಂಬುದೂ ಯೋಚಿಸಬೇಕಾದ ಮಾತು. ಮೈಕ್ರೊಸಾಫ್ಟ್ ಖಾತೆಯಲ್ಲಿಟ್ಟರೆ, ಆ ಖಾತೆಯ ಪಾಸ್‌ವರ್ಡ್ ಎಲ್ಲಿದೆ? ಬಿಟ್‌ಲಾಕರ್ ಹಾಕಿದ ಡ್ರೈವಿನ ಒಳಗಿನ ತಿಜೋರಿಯಲ್ಲಿ! ಇಂಥ ಸುತ್ತುಗಳು ಸಂಕಟದ ದಿನ ಬರುವವರೆಗೆ ಗಮನಕ್ಕೇ ಬರುವುದಿಲ್ಲ.

ಡ್ರೈವ್ ಯಾವುದಿರಬೇಕು ಎಂಬುದಕ್ಕೆ ತಲೆ ಕೆಡಿಸಿಕೊಳ್ಳುವವರೇ ಜಾಸ್ತಿ, ಅಗತ್ಯ ಮಾತ್ರ ಕಡಿಮೆ. ಕೆಲವು ನೂರು ಪಾಸ್‌ವರ್ಡ್‌ಗಳ ತಿಜೋರಿ ಒಂದು ಫೋಟೊದಷ್ಟೂ ಜಾಗ ತಿನ್ನುವುದಿಲ್ಲ. ದುಬಾರಿ ಎಸ್‌ಎಸ್‌ಡಿ ಒಂದರ ಬದಲು, ಹೆಸರಾಂತ ಕಂಪನಿಗಳ ಸಾಧಾರಣ ಪೆನ್ ಡ್ರೈವ್ ಎರಡು ಕೊಂಡರೆ ಮೇಲು. ಎರಡೂ ಬೇರೆ ಬೇರೆ ಕಂಪನಿಯದಾಗಿದ್ದರೆ ಇನ್ನೂ ಮೇಲು. ಆನ್‌ಲೈನ್‌ನಲ್ಲಿ ಮುನ್ನೂರು ರೂಪಾಯಿಗೆ ಎರಡು ಟಿಬಿ ಎಂದು ಮಾರುವ ಡ್ರೈವುಗಳ ಹತ್ತಿರ ಸುಳಿಯಬೇಡಿ. ಅವು ಕಂಪ್ಯೂಟರಿಗೆ ಸುಳ್ಳು ಗಾತ್ರ ಹೇಳಿ, ಒಂದು ಮಿತಿಯಾಚೆ ಬರೆದದ್ದನ್ನೆಲ್ಲ ನುಂಗಿಹಾಕುತ್ತವೆ.

ಫ್ಲ್ಯಾಶ್ ಚಿಪ್ ದತ್ತಾಂಶವನ್ನು ವಿದ್ಯುದಾವೇಶದ ರೂಪದಲ್ಲಿ ಹಿಡಿದಿಡುತ್ತದೆ. ವರ್ಷಗಟ್ಟಲೆ ಕಂಪ್ಯೂಟರಿಗೆ ಸಿಕ್ಕಿಸದೆ ಇಟ್ಟರೆ ಅದು ನಿಧಾನಕ್ಕೆ ಸೋರುತ್ತದೆ, ಶಾಖ ಹೆಚ್ಚಿದಷ್ಟೂ ಸೋರಿಕೆ ಹೆಚ್ಚು. ಬರೆಯುವ ಮಿತಿ ಮುಗಿದ ಮನೆಬಳಕೆಯ ಎಸ್‌ಎಸ್‌ಡಿ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ವರ್ಷ ದತ್ತಾಂಶ ಹಿಡಿದಿಟ್ಟರೆ ಸಾಕು ಎನ್ನುತ್ತದೆ ಉದ್ಯಮದ ಜೆಡೆಕ್ ಮಾನದಂಡ. ಹೊಸ ಡ್ರೈವುಗಳು ಅದಕ್ಕಿಂತ ಬಹಳ ಹೆಚ್ಚು ಕಾಲ ಬಾಳುತ್ತವೆ ನಿಜ. ಆದರೆ ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಬೀರುವಿನ ಒಳಗೆ 30 ಡಿಗ್ರಿ ಎಂಬುದು ತಂಪು ಹೊತ್ತಿನ ಮಾತು. ಕರಾವಳಿ, ಮಲೆನಾಡಿನ ಮಳೆಗಾಲದ ತೇವಕ್ಕೆ ಲೋಹದ ತುದಿಗಳೂ ತುಕ್ಕು ಹಿಡಿಯುತ್ತವೆ. ಗಾಳಿಯಾಡದ ಡಬ್ಬಿಯೊಂದು ಇದ್ದರೆ ಒಳ್ಳೆಯದು. ಮೂರು ತಿಂಗಳಿಗೊಮ್ಮೆ ಹೊಸ ಪ್ರತಿ ಬರೆಯುವವರಿಗೆ ಸೋರಿಕೆಯ ಚಿಂತೆ ಹೇಗೂ ಇಲ್ಲ.

ಬ್ಯಾಕಪ್ಪಿಗೆಂದು ಮೀಸಲಿಟ್ಟ ಪೆನ್ ಡ್ರೈವ್ ಬೇರೆ ಕೆಲಸಕ್ಕೆ ಹೋಗಬಾರದು. ಮುಖ್ಯವಾಗಿ ಝೆರಾಕ್ಸ್ ಅಂಗಡಿಗೆ, ಸೈಬರ್ ಸೆಂಟರ್‌ಗೆ. ದಿನಕ್ಕೆ ನೂರು ಜನರ ಪೆನ್ ಡ್ರೈವ್ ಸಿಕ್ಕಿಸಿಕೊಳ್ಳುವ ಆ ಕಂಪ್ಯೂಟರುಗಳಲ್ಲಿ ಏನೇನು ಮನೆ ಮಾಡಿದೆಯೋ ಅಂಗಡಿಯವರಿಗೇ ಗೊತ್ತಿರುವುದಿಲ್ಲ. ಹಾಗೆಯೇ ಕೆಲಸ ಮುಗಿದ ಕೂಡಲೇ ‘ಇಜೆಕ್ಟ್’ ಕೊಟ್ಟು ಕಳಚಿ. ಕಂಪ್ಯೂಟರಿಗೆ ಸಿಕ್ಕಿಸಿಯೇ ಬಿಟ್ಟ ಡ್ರೈವ್ ಬ್ಯಾಕಪ್ ಅಲ್ಲ. 2017ರ ಮೇ ತಿಂಗಳಲ್ಲಿ ಜಗತ್ತನ್ನು ಕಾಡಿದ ವಾನಾಕ್ರೈನಂಥ, ಕಡತಗಳಿಗೆ ಬೀಗ ಜಡಿದು ಹಣ ಕೇಳುವ ರ‍್ಯಾನ್ಸಮ್‌ವೇರ್‌ಗಳು ಸಿಕ್ಕಿಸಿದ್ದ ಡ್ರೈವುಗಳನ್ನೂ ಬಿಡುವುದಿಲ್ಲ.

ಬೀಗ ಗಟ್ಟಿಯಾದಷ್ಟೂ ಕೀಲಿ ಕಳೆದವರ ಪಾಡು ಕಷ್ಟ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನೆಲೆಸಿದ್ದ ಜರ್ಮನ್ ಮೂಲದ ಪ್ರೋಗ್ರಾಮರ್ ಸ್ಟೆಫಾನ್ ಥಾಮಸ್ ಅವರ ಕತೆ 2021ರ ಜನವರಿಯಲ್ಲಿ ಲೋಕಕ್ಕೆಲ್ಲ ತಿಳಿಯಿತು. ಅವರ 7,002 ಬಿಟ್‌ಕಾಯಿನ್‌ಗಳ ಕೀಲಿ ಇದ್ದದ್ದು ಐರನ್‌ಕೀ ಎಂಬ, ತಾನೇ ಬೀಗ ಹಾಕಿಕೊಳ್ಳುವ ಪುಟ್ಟ ಡ್ರೈವಿನಲ್ಲಿ. ಹತ್ತು ಸಲ ತಪ್ಪು ಪಾಸ್‌ವರ್ಡ್ ಕೊಟ್ಟರೆ ಅದು ಒಳಗಿನದನ್ನು ಶಾಶ್ವತವಾಗಿ ಮುಚ್ಚಿಬಿಡುತ್ತದೆ. ಪಾಸ್‌ವರ್ಡ್ ಬರೆದಿಟ್ಟಿದ್ದ ಚೀಟಿ ಕಳೆದುಹೋಗಿತ್ತು. ಎಂಟು ಯತ್ನಗಳು ಮುಗಿದಿದ್ದವು, ಉಳಿದದ್ದು ಎರಡೇ. ಆಗಿನ ಬೆಲೆಯಲ್ಲಿ ಆ ಬಿಟ್‌ಕಾಯಿನ್‌ಗಳ ಮೌಲ್ಯ 20 ಕೋಟಿ ಡಾಲರಿಗೂ ಮಿಕ್ಕಿತ್ತು. ಡ್ರೈವ್ ಕೆಟ್ಟಿರಲಿಲ್ಲ, ಯಾರೂ ಕದ್ದಿರಲಿಲ್ಲ. ಕಾಣೆಯಾದದ್ದು ಒಂದು ಚೀಟಿ ಮಾತ್ರ.

ಪಾಸ್‌ವರ್ಡನ್ನು ಎಲ್ಲೂ ಬರೆದಿಡಬಾರದು ಎಂದು ನಮ್ಮ ಕಚೇರಿಗಳಲ್ಲಿ ಕಲಿಸುತ್ತಾರೆ. ಮಾನಿಟರಿಗೆ ಅಂಟಿಸುವ ಹಳದಿ ಚೀಟಿಯ ಮಟ್ಟಿಗೆ ಆ ಮಾತು ಸರಿ. ಬ್ಯಾಕಪ್ಪಿನ ಪಾಸ್‌ವರ್ಡ್ ಮಾತ್ರ ಕಾಗದದ ಮೇಲೆ ಇರಲೇಬೇಕು ಎಂಬುದು ನನ್ನ ಅಭಿಪ್ರಾಯ. ವರ್ಷಕ್ಕೆ ನಾಲ್ಕು ಸಲ ಟೈಪಿಸುವುದನ್ನು ನೆನಪು ಹಿಡಿದಿಡುತ್ತದೆಂದು ನಂಬುವುದು ಹುಂಬತನ. ಪರಸ್ಪರ ಸಂಬಂಧವಿಲ್ಲದ ಐದಾರು ಪದಗಳನ್ನು ದಾಳ ಹಾಕಿ ಆರಿಸಿ. ಜನಪ್ರಿಯ ವಚನದ ಸಾಲು, ಭಾವಗೀತೆಯ ಪಲ್ಲವಿ, ಸಿನಿಮಾ ಡೈಲಾಗು ಬೇಡ, ಊಹಿಸುವ ಯಂತ್ರಗಳಿಗೆ ಅವೆಲ್ಲ ಬಾಯಿಪಾಠ. ಕನ್ನಡ ಪದಗಳಾದರೆ ಒಳ್ಳೆಯದೇ, ಆದರೆ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಿರಿ. ಕನ್ನಡ ಲಿಪಿಯಲ್ಲೇ ಇಟ್ಟರೆ, ಆಪತ್ಕಾಲದಲ್ಲಿ ಸಿಕ್ಕ ಕಂಪ್ಯೂಟರಿನಲ್ಲಿ ಕನ್ನಡ ಕೀಬೋರ್ಡ್ ಇಲ್ಲದಿರಬಹುದು. ಒಂದೇ ಅಕ್ಷರವನ್ನು ಬೇರೆ ಬೇರೆ ಕೀಬೋರ್ಡುಗಳು ಒಳಗೆ ಬೇರೆ ಬೇರೆ ರೀತಿ ಜೋಡಿಸುವುದೂ ಇದೆ. ಆ ಕಾಗದ ಡ್ರೈವಿನ ಜೊತೆಗೇ ಇರಬಾರದು. ಡ್ರೈವ್ ಮನೆಯಲ್ಲಿದ್ದರೆ ಕಾಗದ ಬ್ಯಾಂಕಿನ ಲಾಕರಿನಲ್ಲಿ, ಇಲ್ಲವೇ ಊರಿನಲ್ಲಿರುವ ಅಣ್ಣನ ಮನೆಯಲ್ಲಿ.

ಬ್ಯಾಕಪ್ ತೆಗೆದಾಯಿತು ಎಂದು ಕೈ ತೊಳೆದುಕೊಂಡವರ ಪೈಕಿ ತಂತ್ರಾಂಶ ಬಲ್ಲವರೂ ಇದ್ದಾರೆ. ಲಕ್ಷಾಂತರ ಪ್ರೋಗ್ರಾಮರ್‌ಗಳು ಬಳಸುವ ಗಿಟ್‌ಲ್ಯಾಬ್‌ನಲ್ಲಿ 2017ರ ಜನವರಿ 31ರಂದು ಎಂಜಿನಿಯರ್ ಒಬ್ಬರು ತಪ್ಪು ಸರ್ವರ್‌ನಲ್ಲಿ ಅಳಿಸುವ ಆದೇಶ ಕೊಟ್ಟುಬಿಟ್ಟರು. ಸುಮಾರು 300 ಜಿಬಿ ದತ್ತಾಂಶ ಹೋಯಿತು. ಬ್ಯಾಕಪ್‌ಗೆ ಐದು ಏರ್ಪಾಡುಗಳಿದ್ದವು, ಆ ಹೊತ್ತಿಗೆ ಒಂದೂ ನೆಟ್ಟಗೆ ಒದಗಲಿಲ್ಲ. ಅವುಗಳಲ್ಲೊಂದು ಬಹಳ ಹಿಂದಿನಿಂದಲೇ ವಿಫಲವಾಗುತ್ತಿತ್ತು. ವಿಫಲವಾಗಿದೆ ಎಂದು ತಿಳಿಸುವ ಇಮೇಲುಗಳೂ ತಿರಸ್ಕೃತವಾಗಿ ಯಾರಿಗೂ ತಲುಪುತ್ತಿರಲಿಲ್ಲ. ಅದೃಷ್ಟವಶಾತ್ ಆರು ಗಂಟೆ ಮೊದಲು ಬೇರೆ ಕೆಲಸಕ್ಕೆಂದು ತೆಗೆದಿದ್ದ ಪ್ರತಿಯೊಂದು ಉಳಿದಿತ್ತು.

ಹಾಗಾಗಿ ಪ್ರತಿ ಸಲವೂ ಹೊಸ ಪ್ರತಿಯನ್ನು ಬೇರೊಂದು ಯಂತ್ರದಲ್ಲಿ ತೆರೆದು ನೋಡಬೇಕು. ಮನೆಯಲ್ಲಿ ಎರಡನೇ ಕಂಪ್ಯೂಟರ್ ಇಲ್ಲವೇ? ಟೈಪ್-ಸಿ ತುದಿಯ ಒಟಿಜಿ ಪೆನ್ ಡ್ರೈವ್ ಆದರೆ ಫೋನಿಗೇ ಸಿಕ್ಕಿಸಿ ಕೀಪಾಸ್‌ಡಿಎಕ್ಸ್‌ನಲ್ಲಿ ತೆರೆಯಬಹುದು. ಇಂಟರ್‌ನೆಟ್ ಆರಿಸಿ, ಕಾಗದ ನೋಡಿಕೊಂಡು ಪಾಸ್‌ವರ್ಡ್ ಹಾಕಿ. ಬ್ಯಾಂಕು, ಇಮೇಲು ಸೇರಿ ನಾಲ್ಕೈದು ನಮೂದುಗಳನ್ನು ತೆರೆದು ಸರಿಯಿವೆಯೇ ನೋಡಿ. ಆಗ ಇನ್ನೊಂದು ವಿಷಯವೂ ಹೊರಬೀಳುತ್ತದೆ: ಎಕ್ಸ್‌ಪೋರ್ಟ್‌ನಲ್ಲಿ ಏನೇನು ಬಂದಿಲ್ಲ ಎಂಬುದು. ಪಾಸ್‌ವರ್ಡ್ ಬದಲಿಗೆ ಬಳಸುವ ಪಾಸ್‌ಕೀಗಳು ಸಿಎಸ್‌ವಿಯಲ್ಲಿ ಬರುವುದಿಲ್ಲ. ತಿಜೋರಿಯೊಳಗೆ ಲಗತ್ತಿಸಿದ್ದ ಪಾನ್ ಕಾರ್ಡಿನ ಚಿತ್ರ, ಪಾಸ್‌ಪೋರ್ಟಿನ ಸ್ಕ್ಯಾನ್ ಅದರಲ್ಲಿ ಸಿಗುವುದಿಲ್ಲ. ಎರಡನೇ ಹಂತದ ದೃಢೀಕರಣಕ್ಕೆ ಪ್ರತ್ಯೇಕ ಆ್ಯಪ್ ಬಳಸುವವರಾದರೆ ಅದರ ಕೀಲಿಗಳೂ ಇರುವುದಿಲ್ಲ. ಗೂಗಲ್‌ನಂಥ ಖಾತೆಗಳು ಕೊಡುವ ರಿಕವರಿ ಕೋಡ್‌ಗಳನ್ನು ತಿಜೋರಿಯಲ್ಲೂ ಕಾಗದದ ಮೇಲೂ ಬರೆದಿಟ್ಟುಕೊಳ್ಳುವುದು ಇದಕ್ಕೆ ಪರಿಹಾರ.

ಕೊನೆಯದಾಗಿ ಹಳೆಯ ಪ್ರತಿಗಳ ವಿಚಾರ, ಹೆಚ್ಚಿನವರು ಮರೆಯುವುದು ಇದನ್ನೇ. ಮಾಸ್ಟರ್ ಪಾಸ್‌ವರ್ಡ್ ಬದಲಿಸಿದರೆ ಈಗಿನ ತಿಜೋರಿಯ ಬೀಗ ಬದಲಾಗುತ್ತದೆ. ಮೂರು ವರ್ಷದ ಹಿಂದೆ ಪೆನ್ ಡ್ರೈವಿನಲ್ಲಿ ಇಟ್ಟ ಪ್ರತಿ ಹಳೆಯ ಪಾಸ್‌ವರ್ಡಿಗೇ ತೆರೆಯುತ್ತದೆ. ಲಾಸ್ಟ್‌ಪಾಸ್ ಗ್ರಾಹಕರಿಗೆ ಆದದ್ದೂ ಇದೇ. ಸುದ್ದಿ ತಿಳಿದ ಮೇಲೆ ಮಾಸ್ಟರ್ ಪಾಸ್‌ವರ್ಡ್ ಎಷ್ಟು ಗಟ್ಟಿ ಮಾಡಿಕೊಂಡರೂ ಕಳ್ಳರ ಕೈಯಲ್ಲಿದ್ದ ಪ್ರತಿಗೆ ಅದು ತಾಗಲಿಲ್ಲ. ಒಳಗಿನ ಒಂದೊಂದು ಪಾಸ್‌ವರ್ಡನ್ನೂ ಬದಲಿಸುವುದೇ ಖಚಿತವಾದ ದಾರಿಯಾಗಿತ್ತು. 2024ರ ಜನವರಿಯಲ್ಲಿ ನಡೆದ ಸುಮಾರು 15 ಕೋಟಿ ಡಾಲರ್‌ನ ಕ್ರಿಪ್ಟೊ ಕಳವಿನ ಬೇರು, 2022ರಲ್ಲಿ ಪಾಸ್‌ವರ್ಡ್ ಮ್ಯಾನೇಜರ್ ಒಂದರಿಂದ ಕದ್ದ ದತ್ತಾಂಶದಲ್ಲಿ ಇದೆ ಎಂದು ಅಮೆರಿಕದ ತನಿಖಾಧಿಕಾರಿಗಳು ನ್ಯಾಯಾಲಯಕ್ಕೆ ಹೇಳಿದ್ದಾರೆ. ಆದ್ದರಿಂದ ಎರಡು ಡ್ರೈವುಗಳಲ್ಲಿ ಸರದಿಯಂತೆ ಹೊಸದನ್ನು ಬರೆದು, ಅದು ತೆರೆಯುತ್ತದೆಂದು ಖಾತ್ರಿಯಾದ ಮೇಲೆ ಹಳೆಯ ಪ್ರತಿಯನ್ನು ತೆಗೆಯಿರಿ. ಕೆಟ್ಟ ಡ್ರೈವನ್ನು ಗುಜರಿಗೆ ಹಾಕುವ ಮುನ್ನ ಒಳಗಿನ ಚಿಪ್ಪನ್ನು ಸುತ್ತಿಗೆಯಿಂದ ಒಡೆಯಿರಿ.

ಬರುವ ಭಾನುವಾರ ಇದಕ್ಕೆ ಕೂತರೆ ಮನೆಯವರಲ್ಲಿ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಬ್ಯಾಕಪ್ ಮುಗಿದ ಮೇಲೆ ಕಾಗದವನ್ನೂ ಪೆನ್ ಡ್ರೈವನ್ನೂ ಅವರ ಕೈಗೆ ಕೊಟ್ಟು, ನೀವು ಬಾಯಿ ಬಿಡದೆ, ಅವರಿಂದಲೇ ತೆರೆಸಿ. ಅವರಿಗೆ ತೆರೆಯಲು ಬಾರದಿದ್ದರೆ ಕಾಗದದ ಮೇಲೆ ಇನ್ನೆರಡು ಸಾಲು ಸೇರಿಸಿ ಬರೆಯಿರಿ.